ಬಿಸಿಲಿಗೆ ಕಟ್ಟಿದ ಧೋತರ

ಲೇಹ್, ಲಡಾಖ್
4 ಮಾರ್ಚ್ 2025

ದೊಡ್ಡವ್ವ,

ಫೋನ್ ಮಾಡಿದರೆ ನಿನ್ನ ಕಿವಿಗೆ ನನ್ನ ಮಾತು ಬೀಳುವುದಿಲ್ಲ, ಧಾರಾವಿಯ ನಮ್ಮ ಓಣಿಗೆಲ್ಲ ಬೀಳುತ್ತದೆ. ಅದಕ್ಕೇ ಈ ಕಾಗದ. ಮುನ್ಸಿಪಾಲ್ಟಿ ಕನ್ನಡ ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಕನ್ನಡ ಬರೆದೇ ಇಲ್ಲ. ತಪ್ಪಿದ್ದರೆ ನಗಬೇಡ. ಪಕ್ಕದ ಮನೆಯ ರಾಚವ್ವ ಮಾವಶಿಗಂತೂ ತೋರಿಸಲೇಬೇಡ.

ಹೋದ ಸಲ ನಾನು ಬಂದಾಗ, "ಅಷ್ಟ ಎತ್ತರಕ್ಕ ಹೋಗಿ ಮಾಡೂದರ ಏನವಾ?" ಎಂದು ನೀನು ಕೇಳಿದ್ದೆ. ಗಾಳಿ ಅಳೆಯುವುದು ಎಂದು ನಾನು ತೇಲಿಸಿ ಹೇಳಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಭೂಮಿ ವರ್ಷದಿಂದ ವರ್ಷಕ್ಕೆ ಕಾಯುತ್ತಿದೆ. ತಗಡಿನ ಕೆಳಗೆ ಮಲಗುವ ನಿನಗೆ ಅದನ್ನು ನಾನು ಹೇಳಬೇಕಾಗಿಲ್ಲ. ಹೊಗೆ ಕಡಿಮೆ ಮಾಡುವುದೇ ಇದಕ್ಕೆ ನಿಜವಾದ ಮದ್ದು, ಆದರೆ ಅದು ಬೇಗ ಆಗುತ್ತಿಲ್ಲ. ಹಾಗಾಗಿ ಕೆಲವರು ಇನ್ನೊಂದು ದಾರಿ ಯೋಚಿಸಿದ್ದಾರೆ. ಮೋಡಗಳಿಗಿಂತ ಮೇಲೆ, ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ಬಹಳ ನುಣ್ಣನೆಯ ಪುಡಿ ಹರಡಿ ಸ್ವಲ್ಪ ಬಿಸಿಲನ್ನು ಬಂದ ದಾರಿಗೇ ತಿರುಗಿಸುವುದು. 1991ರಲ್ಲಿ ಫಿಲಿಪ್ಪೀನ್ಸಿನಲ್ಲಿ ಒಂದು ಜ್ವಾಲಾಮುಖಿ ಸಿಡಿದು ಗಂಧಕದ ಹೊಗೆ ಅಷ್ಟೆತ್ತರಕ್ಕೆ ಹೋಗಿತ್ತು. ಆಗ ಇಡೀ ಭೂಮಿ ಒಂದೆರಡು ವರ್ಷ ಅರ್ಧ ಡಿಗ್ರಿಯಷ್ಟು ತಣ್ಣಗಾಯಿತು. ಗಂಧಕ ಬೇರೆ ತೊಂದರೆಗಳನ್ನು ತರುತ್ತದೆ, ಆದ್ದರಿಂದ ನಮ್ಮ ತಂಡ ಸೀಮೆಸುಣ್ಣದ ಪುಡಿಯನ್ನು ನೋಡುತ್ತಿದೆ. ಸದ್ಯಕ್ಕೆ ಬಲೂನಿನಲ್ಲಿ ಎರಡೇ ಕಿಲೋ ಕಳಿಸಿ, ಅದು ಮೇಲೆ ಹೇಗೆ ಹರಡುತ್ತದೆ ಎಂದು ಅಳೆಯುವುದು.

ಬಲೂನ್ ಸೆಪ್ಟೆಂಬರಿನಲ್ಲಿ ಹಾರಬೇಕು. ಜೂನ್ 20ಕ್ಕೆ ದಿಲ್ಲಿಯಲ್ಲಿ ಸಮಿತಿ ಕೂಡುತ್ತದೆ, ಅವರು ಹೂಂ ಎನ್ನಬೇಕು. ಅರ್ಜಿಯಲ್ಲಿ ಒಂದು ಕಾಲಂ ನನ್ನ ಪಾಲಿಗೆ ಬಂದಿದೆ: ಮುಂದೆ ಇದು ದೊಡ್ಡ ಪ್ರಮಾಣದಲ್ಲಿ ನಡೆದರೆ ಜನರ ದುಡಿಮೆಗೆ ಏನಾದರೂ ಬಾಧಕ ಉಂಟೆ? ಸದ್ಯ ಪೆನ್ಸಿಲಿನಲ್ಲಿ "ಇಲ್ಲ" ಎಂದು ಬರೆದಿಟ್ಟಿದ್ದೇನೆ.

ಈಗ ನಿನ್ನಿಂದ ಒಂದು ಸಹಾಯ ಬೇಕು. ನಮ್ಮ ಪುಡಿ ಗಂಟುಕಟ್ಟುತ್ತಿದೆ. ಒಂದು ಕಣ ಕೂದಲ ದಪ್ಪದ ನೂರರಲ್ಲೊಂದು ಪಾಲು ಇರಬೇಕು. ತೇವ ಹೋಗಲಿ ಎಂದು ಕಾಯಿಸಿ ಡಬ್ಬಿಗೆ ತುಂಬುತ್ತೇವೆ, ಮರುದಿನ ತೆಗೆದರೆ ಉಂಡೆ. ಡಾಕ್ಟರೇಟ್ ಮಾಡಿದ ಮೂರು ಜನ ತಲೆ ಕೆರೆದುಕೊಳ್ಳುತ್ತ ಕೂತಿದ್ದೇವೆ. ಹಪ್ಪಳಕ್ಕೆಂದು ನೀನು ಇಡುತ್ತಿದ್ದ ಉದ್ದಿನ ಹಿಟ್ಟು ಮುಂಬೈಯ ಮಳೆಗಾಲದಲ್ಲೂ ಗಂಟಾಗುತ್ತಿರಲಿಲ್ಲ. ಅದೇನು ಮಾಡುತ್ತಿದ್ದೆ?

ನಿನ್ನ
ಭುವನಾ


ಧಾರಾವಿ, ಮುಂಬೈ
19 ಮಾರ್ಚ್ 2025

ಚಿರಂಜೀವಿ ಭುವನೇಶ್ವರಿಗೆ ಹಾಲವ್ವ ದೊಡ್ಡವ್ವನ ಆಶೀರ್ವಾದ.

ಕಾಗದ ಮೂರು ಸಲ ಓದಿದೆ. ರಾಚವ್ವನಿಗೂ ತೋರಿಸಿದೆ. ತೋರಿಸಬೇಡ ಎಂದು ಬರೆದ ಮೇಲೆ ತೋರಿಸದೆ ಇರಲಿಕ್ಕೆ ಆಗುತ್ತದೆಯೇ? ನಿನ್ನ ಕನ್ನಡದಲ್ಲಿ ತಪ್ಪಿಲ್ಲ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿದೆ. ನನಗೆ ನಾಲ್ಕನೇ ಇಯತ್ತೆಯ ಮಾಸ್ತರರು ಮಾತಾಡಿದ ಹಾಗೆ ಬರೆದರೆ ಕೈಮೇಲೆ ಕೊಡುತ್ತಿದ್ದರು. ಅಂದಿನಿಂದ ನಾನು ಬರೆದರೆ ಪುಸ್ತಕದ ಕನ್ನಡವೇ.

ಗಂಟಿನ ವಿಷಯ ಹೇಳುತ್ತೇನೆ. ನೀವು ಪುಡಿಯನ್ನು ಬಿಸಿ ಇರುವಾಗಲೇ ತುಂಬಿ ಮುಚ್ಚಳ ಬಿಗಿಯುತ್ತಿರಬೇಕು. ಒಳಗೆ ಅದು ಬೆವರುತ್ತದೆ. ಕಾಯಿಸಿದ್ದನ್ನು ಅಗಲವಾಗಿ ಹರವಬೇಕು. ಕೈಬೆನ್ನು ಇಟ್ಟರೆ ತಣ್ಣಗೆ ಹತ್ತಬೇಕು. ಆಮೇಲೆ ಜರಡಿ ಹಿಡಿದು ತುಂಬಬೇಕು. ಇದನ್ನು ನೀನು ಹತ್ತು ವರ್ಷದವಳಿದ್ದಾಗಲೇ ಹೇಳಿಕೊಟ್ಟಿದ್ದೆ. ನಿನ್ನ ಅವ್ವ ಅಪ್ಪ ಕಟ್ಟಡದ ಕೆಲಸಕ್ಕೆ ಊರೂರು ತಿರುಗುತ್ತಿದ್ದರು, ನೀನು ನನ್ನ ಕೋಣೆಯಲ್ಲಿ ಬುಟ್ಟಿಗಳ ನಡುವೆ ಪುಸ್ತಕದಲ್ಲಿ ಮುಖ ಇಟ್ಟು ಕೂಡುತ್ತಿದ್ದೆ. ಕಿವಿ ಎಲ್ಲಿತ್ತೋ ಏನೋ.

ಈಗ ನನ್ನ ಪ್ರಶ್ನೆ. ಬಿಸಿಲು ತಿರುಗಿಸುತ್ತೇವೆ ಎಂದು ಬರೆದೆ. ಎಷ್ಟು ತಿರುಗಿಸುತ್ತೀರಿ? ನಾನು ಬೆಳಿಗ್ಗೆ ಲಟ್ಟಿಸಿದ ಹಪ್ಪಳವನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಹನ್ನೊಂದಕ್ಕೆ ಹರವಿದರೆ, ಒಂದೂವರೆಗೆ ಒಣಗಿ ಅಂಚು ಏಳುತ್ತದೆ. ನಾಲ್ಕಕ್ಕೆ ಹಪ್ಪಳ ಕೊಳ್ಳುವ ಅನಿಕೇತ್ ಟೆಂಪೊ ತರುತ್ತಾನೆ. ಒಂದು ಹಪ್ಪಳ ಹಸಿ ಸಿಕ್ಕರೂ ಅವನು ಇಡೀ ಬುಟ್ಟಿ ವಾಪಸು ಇಡುತ್ತಾನೆ. ನಿಮ್ಮ ಪುಡಿ ಬಂದರೆ ನನ್ನ ಒಂದೂವರೆ ಎಷ್ಟಾಗುತ್ತದೆ? ಆ ಪುಡಿ ಕೆಳಗೆ ಬೀಳುವುದಿಲ್ಲವೇ, ಬಿದ್ದರೆ ಹಪ್ಪಳದ ಮೇಲೆ ಬೀಳುತ್ತದೆಯೇ? ಮಳೆ ಬರುವುದು ಬಿಸಿಲಿನಿಂದ ಎಂದು ನೀನೇ ಒಮ್ಮೆ ಚಿತ್ರ ಬರೆದು ತೋರಿಸಿದ್ದೆ, ಹಾಗಾದರೆ ಮಳೆಗೆ ಏನಾಗುತ್ತದೆ? ನಿಧಾನಕ್ಕೆ ಬರೆ. ರಾಚವ್ವ ಕೇಳಬೇಕೆಂದದ್ದು ಒಂದೇ, ಅಲ್ಲಿ ರೊಟ್ಟಿ ಸಿಗುತ್ತದೆಯೇ ಎಂದು.

ಹಾಲವ್ವ


ಲೇಹ್
5 ಏಪ್ರಿಲ್ 2025

ದೊಡ್ಡವ್ವ,

ನೀನು ಹೇಳಿದ್ದು ನೂರಕ್ಕೆ ನೂರು ನಿಜ. ಪುಡಿ ಹರವಿ, ತಣಿಸಿ, ಕೈಬೆನ್ನು ಇಟ್ಟು ನೋಡಿ ತುಂಬಿದೆವು. ನಾಲ್ಕು ದಿನ ಬಿಟ್ಟು ತೆಗೆದರೆ ಹೊಗೆಯಂತೆ ಎದ್ದಿತು. ನಮ್ಮ ಮುಖ್ಯಸ್ಥರು ಇದಕ್ಕೆ "ಹಾಲವ್ವ ವಿಧಾನ" ಎಂದು ವಹಿಯಲ್ಲಿ ಬರೆಸಿದ್ದಾರೆ. ರಾಚವ್ವ ಮಾವಶಿಗೆ ಹೇಳು, ರೊಟ್ಟಿ ಇಲ್ಲ, ದಿನಾ ಥುಕ್ಪಾ ಎಂಬ ಸಾರು ಕುಡಿಯುತ್ತೇನೆ.

ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ದೊಡ್ಡದಾಗಿ ಮಾಡಿದರೂ ನೂರು ಪಾಲು ಬಿಸಿಲಿನಲ್ಲಿ ಒಂದು ಪಾಲು ತಿರುಗುತ್ತದೆ. ನಿನ್ನ ಒಂದೂವರೆ ಒಂದೂವರೆಯೇ ಇರುತ್ತದೆ, ಹೆಚ್ಚೆಂದರೆ ಒಂದೆರಡು ನಿಮಿಷ ತಡ. ಆಕಾಶ ಸ್ವಲ್ಪ ಬೆಳ್ಳಗೆ ಕಾಣಬಹುದು, ಸಂಜೆ ಹೆಚ್ಚು ಕೆಂಪಾಗಬಹುದು. ಪುಡಿ ಒಂದೆರಡು ವರ್ಷ ಮೇಲೆ ಇದ್ದು ಮೆಲ್ಲಗೆ ಇಳಿಯುತ್ತದೆ. ನಿನ್ನ ಓಣಿಯ ಮಾಮೂಲಿ ಧೂಳಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಮಳೆಯ ಬಗ್ಗೆ ಮಾತ್ರ ನಿನಗೆ ಸುಳ್ಳು ಹೇಳಲಾರೆ. ಮುಂಗಾರು ಅತ್ತಿತ್ತ ಆಗಬಹುದು ಎಂದು ಕೆಲವರ ಲೆಕ್ಕ, ಆಗಲಾರದು ಎಂದು ಕೆಲವರದು. ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ.

ಇಷ್ಟು ಹೇಳಿಯೂ ನಂಬಿಕೆ ಬರದಿದ್ದರೆ ಬುಟ್ಟಿಗಳ ಮೇಲೆ ಒಂದು ಬಟ್ಟೆ ಕಟ್ಟಿ ನೀನೇ ನೋಡು, ವಿಜ್ಞಾನಿ ಹಾಲವ್ವನವರೇ.

ಭುವನಾ


ಧಾರಾವಿ
22 ಏಪ್ರಿಲ್ 2025

ಚಿ. ಭುವನಾಳಿಗೆ ಆಶೀರ್ವಾದ.

ಕಟ್ಟಿ ನೋಡಿದೆ.

ಟ್ರಂಕಿನಲ್ಲಿ ನಿನ್ನ ದೊಡ್ಡಪ್ಪನ ಧೋತರಗಳು ಹಾಗೇ ಇದ್ದವು. ಅವರು ಹೋಗಿ ಆರು ವರ್ಷವಾಯಿತು, ಯಾರಿಗೆ ಕೊಡಲೂ ಮನಸ್ಸು ಬಂದಿರಲಿಲ್ಲ. ನಾಲ್ಕನ್ನು ಜೋಡಿಸಿ ಹೊಲಿದು, ನಮ್ಮ ಗೋಡೆಯಿಂದ ಎದುರು ಗೋಡೆಗೆ ಹಗ್ಗ ಕಟ್ಟಿ ಹರವಿದೆ. ರಾಚವ್ವ ಕೇಳಿದಳು, "ಯಾರದರ ಲಗ್ನ ಐತೇನ, ಹಂದರ ಹಾಕೀದಿ?" ನಾನು ಹೇಳಿದೆ, "ನಮ್ಮ ಭುವನಾ ಸೂರ್ಯಗ ಪರದೆ ಹಾಕಾಕತ್ಯಾಳ, ನಾ ಅಳತಿ ನೋಡಾಕತ್ತೀನಿ." ಅವಳು ನಗಲಿಲ್ಲ. ತನ್ನ ಬುಟ್ಟಿಗಳನ್ನೂ ತಂದು ನೆರಳಿಗೆ ಇಟ್ಟಳು.

ಹನ್ನೊಂದು ಬುಟ್ಟಿ ಬಯಲಿಗೆ, ಹನ್ನೊಂದು ಬಟ್ಟೆಯ ಕೆಳಗೆ. ಒಂದೇ ಹಿಟ್ಟು, ಒಂದೇ ಕೈ. ಬಯಲಿನವು ಒಂದೂವರೆಗೆ ಅಂಚು ಎತ್ತಿದವು, ಬಟ್ಟೆಯವು ಎರಡು ಗಂಟೆ ಹತ್ತು ನಿಮಿಷಕ್ಕೆ. ಐದು ದಿನ ನೋಡಿದೆ, ಸುಮಾರು ಅಷ್ಟೇ. ನಲವತ್ತು ನಿಮಿಷ ತಡ. ಆದರೆ ಬಟ್ಟೆಯವು ಸೊಟ್ಟಗಾಗಲಿಲ್ಲ, ಇಸ್ತ್ರಿ ಹೊಡೆದಂತೆ ಸಪಾಟಾಗಿ ಒಣಗಿದವು. ಅನಿಕೇತ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ಮಸ್ತ್" ಎಂದ. ಅವನು ಮಸ್ತ್ ಎಂದದ್ದನ್ನು ನಾನು ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಈಗ ಎಲ್ಲ ಬುಟ್ಟಿಗಳನ್ನೂ ಬಟ್ಟೆಯ ಕೆಳಗೇ ಹಾಕುತ್ತಿದ್ದೇನೆ.

ಇನ್ನೊಂದು ವಿಷಯ, ಇದು ನಿನ್ನ ಅಳತೆಯಲ್ಲಿ ಬರುತ್ತದೋ ಇಲ್ಲವೋ ತಿಳಿಯದು. ಹಪ್ಪಳ ಕಾಯುತ್ತ ಕೂತವಳಿಗೆ ತಲೆ ಸಿಡಿಯಲಿಲ್ಲ. ಹಪ್ಪಳಕ್ಕೆ ಬಿಸಿಲು ಬೇಕು, ಹಾಲವ್ವನಿಗೆ ನೆರಳು ಬೇಕು. ಒಂದೇ ಬಟ್ಟೆ ಇಬ್ಬರಿಗೂ ಹೇಗೆ ಸರಿಹೋಗಬೇಕು ಎಂದು ಆ ಬಟ್ಟೆಯ ಕೆಳಗೇ ಕೂತು ಯೋಚಿಸುತ್ತೇನೆ. ನಿನಗೇನನ್ನಿಸುತ್ತದೆ ಬರೆ.

ಹಾಲವ್ವ


ಲೇಹ್
6 ಮೇ 2025

ದೊಡ್ಡವ್ವ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಎಲ್ಲರಿಗೂ ಹಿಂದಿಯಲ್ಲಿ ಓದಿ ಹೇಳಿದೆ. ಎಲ್ಲರೂ ಬಹಳ ನಕ್ಕರು. ಸೂರ್ಯನಿಗೆ ಪರದೆ ಎಂಬ ಮಾತನ್ನು ಒಬ್ಬರು ಹಲಗೆಯ ಮೇಲೆ ಬರೆದಿಟ್ಟಿದ್ದಾರೆ.

ಆದರೆ ದೊಡ್ಡವ್ವ, ಧೋತರ ನೂರರಲ್ಲಿ ಮೂವತ್ತು ನಲವತ್ತು ಪಾಲು ಬಿಸಿಲು ತಡೆಯುತ್ತದೆ. ನಮ್ಮದು ಒಂದು ಪಾಲು. ಹಾಗಾಗಿ ನಿನ್ನ ಪ್ರಯೋಗ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಹಪ್ಪಳಕ್ಕೆ ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದ ಇರು. ಆ ಕಾಲಮಿನಲ್ಲಿ ಪೆನ್ಸಿಲಿನ "ಇಲ್ಲ" ಮೇಲೆ ಇವತ್ತು ಪೆನ್ನು ಓಡಿಸಿದೆ. ಕೆಲಸ ಬಹಳ ಇದೆ, ಇಷ್ಟೇ ಬರೆಯುತ್ತೇನೆ.

ಭುವನಾ


ಧಾರಾವಿ
24 ಮೇ 2025

ಚಿ. ಭುವನಾಳಿಗೆ.

ನಿನ್ನ ಕಾಗದ ಮುಟ್ಟಿತು. ಬಟ್ಟೆ ಬಿಚ್ಚಿ ಟ್ರಂಕಿನಲ್ಲಿಟ್ಟೆ. ಇಲ್ಲಿ ಎಲ್ಲ ಸರಿ ಇದೆ. ನಿನ್ನ ಬಲೂನ್ ಹಾರಲಿ.

ಹಾಲವ್ವ


ಲೇಹ್
2 ಜೂನ್ 2025

ದೊಡ್ಡವ್ವ,

ನಾಲ್ಕು ಸಾಲು ಬರೆದಿದ್ದೀ. ಅಕ್ಷರವೂ ನಿನ್ನದರಂತೆ ಇಲ್ಲ, ಅವಸರದಲ್ಲಿ ಗೀಚಿದಂತಿದೆ. ನನ್ನ ಮೇಲೆ ಸಿಟ್ಟಾಗಿದ್ದೀಯೆಂದು ಕಾಣುತ್ತದೆ. ನಿನ್ನ ಬಿಸಿಲಿಗೆ ನಾನು ಕೈ ಹಾಕುತ್ತಿದ್ದೇನೆ ಎಂದು ಓಣಿಯವರು ಯಾರಾದರೂ ನಿನ್ನ ತಲೆ ತುಂಬಿದರೋ? ಈ ಕೆಲಸವೇ ನಿನಗೆ ಬೇಡವೆನಿಸಿದರೆ ನೇರವಾಗಿ ಹೇಳು.

ಒಂದು ಮಾತು ನಿನಗೆ ಹೇಳಿರಲಿಲ್ಲ. ಸಮಿತಿ ಒಪ್ಪದಿದ್ದರೆ ಜುಲೈ ಕೊನೆಗೆ ನನ್ನ ನೌಕರಿ ಮುಗಿಯುತ್ತದೆ. ನಮ್ಮ ಹುದ್ದೆ ಇರುವುದೇ ಆ ಬಲೂನಿನ ಮೇಲೆ. ನಿನಗೆ ಚಿಂತೆ ಬೇಡವೆಂದು ಮುಚ್ಚಿಟ್ಟಿದ್ದೆ. 18ಕ್ಕೆ ದಿಲ್ಲಿಗೆ ಹೊರಡುತ್ತೇನೆ. ಅಷ್ಟರೊಳಗೆ ನಿನ್ನದೊಂದು ಕಾಗದ ಬಂದರೆ ನನಗೆ ಧೈರ್ಯ.

ಭುವನಾ


ಧಾರಾವಿ
9 ಜೂನ್ 2025

ಭುವನಾ, ನಾ ರಾಚವ್ವ.

ನನಗ ಪುಸ್ತಕದ ಮಾತು ಬರಂಗಿಲ್ಲ, ಮಾತಾಡಿದಂಗ ಬರೀತೀನಿ. ನಿಮ್ಮ ದೊಡ್ಡವ್ವ ನನಗ ಆಣಿ ಹಾಕ್ಯಾಳ, ಆ ಹುಡುಗಿಗೆ ಏನೂ ತಿಳಸಬ್ಯಾಡ ಅಂತ. ಆಣಿ ಮುರದು ಬರಿಯಾಕತ್ತೀನಿ, ಪಾಪ ಬಂದ್ರ ನಿನಗೂ ಅರ್ಧ ಇರ್ಲಿ.

ಮೇ ಹದಿನೈದಕ್ಕ ಮಧ್ಯಾಹ್ನ ಹನ್ನೆರಡೂವರಿಗೆ ಟಪಾಲಿನಾಂವ ನಿನ್ನ ಕಾಗದ ಕೊಟ್ಟ. ಬಟ್ಟಿ ಕೆಳಗ ಕುಂತು ಓದಿದ್ಲು. ಮಂದಿ ನಕ್ಕಾರ ಅನ್ನೂದ ಓದಿ ಮಾರಿ ಸಣ್ಣದಾತು. "ಲೆಕ್ಕಕ್ಕ ಬರಂಗಿಲ್ಲಂತ ರಾಚವ್ವ, ಸುಮ್ಮನ ನಾ ಹುಚ್ಚರಂಗ ಕಟಗೊಂಡ ಕುಂತೀನಿ" ಅಂದಾಕೀನ ಎದ್ದು ಒಂದ ಜಗ್ಗಿಗೆ ಧೋತರ ಎಳದು ತಗದ್ಲು. ಬುಟ್ಟಿ ಮ್ಯಾಲ ಇದ್ದ ಹಪ್ಪಳ ಎಲ್ಲಾ ಅರ್ಧಾ ಒಣಗಿದ್ವು. ನೆತ್ತಿ ಮ್ಯಾಲಿನ ಬಿಸಲು ಒಮ್ಮಿಗೇ ಬಿತ್ತು. ಕಾಲು ತಾಸು ಆಗಿರಲಿಲ್ಲ, ಅಂಚು ಸುರಳಿ ಆಗಿ ನಡಕ ಸೀಳಾಕ ಹತ್ತಿದ್ವು. ನನ್ನ ಬುಟ್ಟೀನೂ ಅದರಾಗ ಇದ್ವು. ಮೊದಲಿಂದ ಬಿಸಲಾಗ ಒಣಗಿದ್ದು ಸೊಟ್ಟ ಆಕ್ಕಾವು, ಹಿಂಗ ಸೀಳಂಗಿಲ್ಲ. ನೆರಳಾಗ ಮೆತ್ತಗ ಕುಂತದ್ದಕ್ಕ ಒಮ್ಮಿಗೇ ಬಿಸಲ ಕೊಟ್ರ ಹಿಂಗ ಆಗೂದು. ಅನಿಕೇತ್ ಬಂದು ನೋಡಿ "ಮಾವಶಿ, ಹೆ ಚಾಲಣಾರ್ ನಾಹಿ" ಅಂದ, ನಡಿಯಂಗಿಲ್ಲ ಅಂತ ಎಲ್ಲಾ ಬಿಟ್ಟು ಹೋದ.

ಮರುದಿನ ಅದನ್ನ ತುಂಬಿ ಕೊಡಬೇಕಂತ ದುಪ್ಪಟ್ಟು ಲಟ್ಟಿಸಿ, ಬಟ್ಟಿ ಇಲ್ಲದನ ಬಿಸಲಾಗ ಕಾಯಕೊಂತ ಕುಂತ್ಲು. ಒಂದು ಗಂಟೆಕ್ಕ ಬುಟ್ಟಿ ಮ್ಯಾಲ ಬಿದ್ದ್ಲು. ದವಾಖಾನ್ಯಾಗ ಎರಡು ದಿನ ಸಲಾಯಿನ್ ಹಚ್ಚಿದ್ರು. ಇನ್ನೊಮ್ಮೆ ಹಿಂಗ ಬಿಸಲಿಗೆ ಕುಂತ್ರ ನಮ್ಮ ಕೈಯಾಗ ಇಲ್ಲ ಅಂದಾರ ಡಾಕ್ಟರು. ನಿನಗ ಬಂದ ನಾಲ್ಕು ಸಾಲು ಹಾಸಿಗ್ಯಾಗ ಕುಂತು ಬರದದ್ದು. ಸಿಟ್ಟಲ್ಲ ಅದು, ಪೆನ್ನು ಹಿಡಿಯಾಕ ತ್ರಾಣ ಇರಲಿಲ್ಲ. "ಹಪ್ಪಳ ಸೀಳಿದ್ದು ಬರದ್ರ ಆಕಿ ಬಲೂನಿಗೆ ಅಡ್ಡ ಬರತೈತಿ" ಅಂತ ಒಂದ ಹಟ.

ಸೀಳಿದ ಹಪ್ಪಳದಾಗ ಒಂದು ಈ ಪಾಕೀಟಿನಾಗ ಇಟ್ಟೀನಿ. ನೀನ ನೋಡು. ನೋಡಿದ ಮ್ಯಾಲೂ ನಗು ಬಂದ್ರ ನಗು.

ರಾಚವ್ವ


ದಿಲ್ಲಿ
22 ಜೂನ್ 2025

ದೊಡ್ಡವ್ವ,

ರಾಚವ್ವ ಮಾವಶಿಗೆ ಬೈಯಬೇಡ. ಅವರ ಕಾಗದ 17ಕ್ಕೆ ನನ್ನ ಕೈ ಸೇರಿತು. ಹಪ್ಪಳ ದಾರಿಯಲ್ಲಿ ಇನ್ನೆರಡು ಚೂರಾಗಿತ್ತು, ಆದರೂ ನಡುವಿನ ಸೀಳು ಬೇರೆಯಾಗಿ ಕಾಣುತ್ತಿತ್ತು. ಅದನ್ನು ಹಿಡಿದುಕೊಂಡು ತುಂಬ ಅತ್ತೆ. ನಾನು ನಕ್ಕದ್ದು ತಪ್ಪು. ನಿನ್ನ ಕಾಗದವನ್ನು ಹತ್ತು ಜನರ ಮುಂದೆ ಓದಿದ್ದು ಇನ್ನೂ ದೊಡ್ಡ ತಪ್ಪು. ತಲೆ ಸಿಡಿಯಲಿಲ್ಲ ಎಂದು ನೀನು ಬರೆದ ಸಾಲನ್ನು ಓದಿಯೂ, ಹಾಗಾದರೆ ಇಷ್ಟು ವರ್ಷ ಸಿಡಿಯುತ್ತಿತ್ತೇ ಎಂದು ನಾನು ಕೇಳಲಿಲ್ಲ.

ದೊಡ್ಡವ್ವ, ನೀನು ಅಡ್ಡ ಬರುತ್ತದೆ ಎಂದು ಬಚ್ಚಿಟ್ಟದ್ದೇ ನಮ್ಮ ಕೆಲಸದ ದೊಡ್ಡ ಪ್ರಶ್ನೆ. ನಮ್ಮ ಪುಡಿ ಇಳಿಯುತ್ತಲೇ ಇರುತ್ತದೆ, ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ಕೆಳಗೆ ಹೊಗೆ ನಿಲ್ಲದೆ, ಮೇಲೆ ಪುಡಿ ಹಾಕುತ್ತ ಐವತ್ತು ವರ್ಷ ಕಳೆದ ಮೇಲೆ, ಯುದ್ಧವೋ ಜಗಳವೋ ಬಂದು ಒಮ್ಮೆಲೇ ನಿಲ್ಲಿಸಿದರೆ, ತಡೆದಿಟ್ಟ ಅಷ್ಟೂ ಕಾವು ಕೆಲವೇ ವರ್ಷಗಳಲ್ಲಿ ಮೈಮೇಲೆ ಬರುತ್ತದೆ. ಇದನ್ನು ನಾನು ಎಷ್ಟೋ ಲೇಖನಗಳಲ್ಲಿ ಓದಿದ್ದೆ. ಒಂದು ಪಾಲೋ ನಲವತ್ತು ಪಾಲೋ ಎಂದು ನಿನ್ನ ಜೊತೆ ವಾದ ಮಾಡಿದೆ. ಹಾಕಿದ ಪರದೆಯನ್ನು ತೆಗೆಯುವುದು ಹೇಗೆ ಎಂದು ನನ್ನ ಕಾಲಮಿನಲ್ಲಿ ಒಂದು ಅಕ್ಷರ ಬರೆದಿರಲಿಲ್ಲ.

ಸಭೆಯಲ್ಲಿ ನಾನು ಎದ್ದು, "ಇಲ್ಲ" ಎಂದು ಬರೆದದ್ದನ್ನು ಹೊಡೆದುಹಾಕುತ್ತೇನೆ ಎಂದೆ. ನಮ್ಮ ಮುಖ್ಯಸ್ಥರ ಮುಖ ಬಿಳಿಚಿತು. ಹಪ್ಪಳವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ, ನಿನ್ನ ನೆರಳಿನ ಮಾತನ್ನೂ ಸೇರಿಸಿ. ನೆರಳು ಬೇಡವೆಂದು ನಾನು ಹೇಳುತ್ತಿಲ್ಲ, ನೆರಳು ಸಿಕ್ಕ ದಿನ ನನ್ನ ದೊಡ್ಡವ್ವ ಚೆನ್ನಾಗಿದ್ದಳು ಎಂದೆ. ಒಬ್ಬ ಹಿರಿಯರು ಒಂದು ಚೂರನ್ನು ಕರಿಯದೆ ಹಾಗೇ ಬಾಯಿಗೆ ಹಾಕಿಕೊಂಡರು. ಅಗಿಯುತ್ತ, "ಎಷ್ಟು ನಿಧಾನವಾಗಿ ತೆಗೆದಿದ್ದರೆ ಇದು ಸೀಳುತ್ತಿರಲಿಲ್ಲ?" ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಬರೆದುಕೊಂಡೆ.

ಈ ವರ್ಷ ಬಲೂನ್ ಬೇಡ, ತೆಗೆಯುವ ಬಗೆಯನ್ನು ಮೊದಲು ಬರೆದು ತನ್ನಿ ಎಂದರು ಸಮಿತಿಯವರು. ನನ್ನ ನೌಕರಿ ಜುಲೈ 31ಕ್ಕೆ ಮುಗಿಯುತ್ತದೆ. ನಿನ್ನಿಂದ ಹೋಯಿತು ಎಂದು ಮಾತ್ರ ಅಂದುಕೊಳ್ಳಬೇಡ. ಬೇಸರ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಮನುಷ್ಯನ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಆಗಸ್ಟ್ ಎರಡಕ್ಕೆ ದಾದರಿನಲ್ಲಿ ಇಳಿಯುತ್ತೇನೆ. ಅಲ್ಲಿಯವರೆಗೆ ಬಿಸಿಲಿಗೆ ಹೋಗಬೇಡ.

ನಿನ್ನ
ಭುವನಾ


ಧಾರಾವಿ
8 ಜುಲೈ 2025

ಚಿರಂಜೀವಿ ಭುವನಾಳಿಗೆ ಹಾಲವ್ವ ದೊಡ್ಡವ್ವನ ಆಶೀರ್ವಾದ.

ರಾಚವ್ವನಿಗೆ ಬೈದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವಳೇ ಚಹಾ ತಂದು ಮುಂದಿಟ್ಟು, "ನಿನ್ನ ಹಪ್ಪಳ ದಿಲ್ಲಿಗೆ ಹೋಗೇತಿ, ನೀ ಎಂದರ ಹೋಗಿದ್ದೆನ?" ಎಂದಳು. ನಗು ತಡೆಯಲಾಗಲಿಲ್ಲ.

ನಿನ್ನ ನೌಕರಿ ಹೋದದ್ದು ಓದಿ ಅಂದು ಅನ್ನ ಸೇರಲಿಲ್ಲ. ನನ್ನಿಂದ ಅಲ್ಲ ಎಂದು ನೀನು ಬರೆದರೂ ನನ್ನಿಂದಲೇ ಎಂದು ಅನ್ನಿಸುತ್ತದೆ. ಆದರೆ ನೀನು ಅವರ ಮುಂದೆ ಎದ್ದು ನಿಂತದ್ದನ್ನು ನೆನೆದರೆ ಎದೆ ತುಂಬುತ್ತದೆ. ಎರಡೂ ಒಟ್ಟಿಗೇ ಇವೆ, ಏನು ಮಾಡಲಿ.

ಇಲ್ಲಿ ಮಳೆ ಹಿಡಿದಿದೆ. ಜುಲೈ ಮೊದಲ ವಾರ ಮೂರು ದಿನ ಬಿಡುವು ಕೊಟ್ಟು ಕಣ್ಣು ಕುಕ್ಕುವ ಬಿಸಿಲು ಬಿತ್ತು. ಆ ಹಿರಿಯರು ಕೇಳಿದ್ದು ನನ್ನ ತಲೆಯಲ್ಲೂ ಕೂತಿತ್ತು. ಧೋತರ ಮತ್ತೆ ಕಟ್ಟಿದೆ. ಹೆದರಬೇಡ, ನಾನು ಬಾಗಿಲ ಒಳಗೆ ಕೂತು ಹೇಳಿದೆ, ರಾಚವ್ವ ಎಳೆದಳು. ಮೊದಲ ದಿನ ಅರ್ಧ ತಾಸಿಗೆ ಒಂದು ಗೇಣಿನಂತೆ ತೆಗೆದೆವು, ಒಂದೂ ಸೀಳಲಿಲ್ಲ, ಆದರೆ ಅನಿಕೇತ್ ಬರುವವರೆಗೂ ಮುಗಿಯಲಿಲ್ಲ. ಎರಡನೆಯ ದಿನ ಐದು ನಿಮಿಷಕ್ಕೆ ಒಂದು ಮೊಳ, ಮೂರು ಬುಟ್ಟಿ ಸೀಳಿದವು. ಮೂರನೆಯ ದಿನ ಕಾಲು ತಾಸಿಗೆ ಒಂದು ಗೇಣು ತೆಗೆದೆವು. ಎಲ್ಲವೂ ಚೆನ್ನಾಗಿ ಒಣಗಿದವು, ಹೊತ್ತಿಗೆ ಸರಿಯಾಗಿ ಮುಗಿಯಿತು. ಇದನ್ನು ಬರೆದುಕೊ, ಅವರಿಗೆ ಕಳಿಸು. ಬುಟ್ಟಿಗೆ ಗೇಣು, ಭೂಮಿಗೆ ಎಷ್ಟು ಎಂಬುದನ್ನು ನೀನು ಲೆಕ್ಕ ಹಾಕು.

ಎಳೆಯುವಾಗ ಒಂದು ವಿಷಯ ಆಯಿತು. ಎರಡನೆಯ ದಿನ ನಾನು "ನಿಲ್ಲು" ಎಂದದ್ದು ರಾಚವ್ವನಿಗೆ ಸೇರಲಿಲ್ಲ. "ನಂಗೂ ಗೊತ್ತೈತಿ ಬಿಡ" ಎಂದು ಅವಳು ಎಳೆಯುತ್ತಲೇ ಹೋದಳು. ಸೀಳಿದ ಮೂರು ಬುಟ್ಟಿಯಲ್ಲಿ ಎರಡು ನನ್ನವು, ಒಂದು ಅವಳದು. ಕೂಗಾಡಿದೆವು, ಆಮೇಲೆ ಸರಿಹೋದೆವು. ನಾವು ಇಬ್ಬರೇ, ಓಣಿ ಒಂದೇ, ಬುಟ್ಟಿಗಳು ಕಣ್ಣೆದುರಿಗೇ ಇದ್ದವು. ಆದ್ದರಿಂದ ಸರಿಹೋಯಿತು.

ಅಂದಿನಿಂದ ಒಂದೇ ಯೋಚನೆ. ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಪುಡಿ ಎಷ್ಟು ನುಣ್ಣಗಿರಬೇಕು, ಎಷ್ಟು ಎತ್ತರಕ್ಕೆ ಹೋಗಬೇಕು, ಎಷ್ಟು ವರ್ಷ ಇರುತ್ತದೆ, ಎಲ್ಲ ಬರೆದಿದ್ದೀ. ಆಕಾಶದ ಆ ದೊಡ್ಡ ಬಟ್ಟೆಯ ತುದಿ ಯಾರ ಕೈಯಲ್ಲಿ ಇರುತ್ತದೆ ಎಂದು ಎಲ್ಲೂ ಇಲ್ಲ. ನೀನು ಮನೆಗೆ ಬಾ, ನಿನ್ನ ಚಾಪೆ, ಹೊದಿಕೆ ಒಗೆದು ಇಟ್ಟಿದ್ದೇನೆ. ಬರುವ ಮೊದಲು ಅಲ್ಲಿ ಯಾರನ್ನಾದರೂ ಕೇಳಿ ಆ ತುದಿ ಹಿಡಿಯುವವರ ವಿಳಾಸ ತೆಗೆದುಕೊಂಡು ಬಾ. ಅವರಿಗೂ ಒಂದು ಕಾಗದ ಬರೆಯುತ್ತೇನೆ.

ಹಾಲವ್ವ